ಹನಿ ಹಾಕಿಸಿಕೊಂಡ ಇಬ್ಬರು

ರಾಣೆಬೆನ್ನೂರಿನ ಆ ಕಣ್ಣಿನ ದವಾಖಾನೆಯಲ್ಲಿ ಒಂದು ಕಾಯಿದೆ ಇತ್ತು. ಜೊತೆಗೆ ಯಾರಾದರೂ ಬಂದಿದ್ದರೆ ಮಾತ್ರ ಕಣ್ಣಿಗೆ ತಪಾಸಣೆಯ ಹನಿ ಹಾಕುತ್ತಿದ್ದರು. ಈ ಕಾಯಿದೆ ಮಾಡಿದ ಪುಣ್ಯಾತ್ಮರಿಗೆ ಮನೆ ತುಂಬ ಜನ ಇದ್ದಿರಬೇಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಸೋಮವ್ವನಿಗೆ ಯಾರೂ ಇರಲಿಲ್ಲ. ಗಂಡ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು, ಮಕ್ಕಳಾಗಿರಲಿಲ್ಲ. ಶುಗರ್ ಇದ್ದವರ ಕಣ್ಣಿನ ಹಿಂದಿನ ಪರದೆ ಕೆಡುತ್ತದೆ ಎಂದು ಯಾರೋ ಹೆದರಿಸಿದ್ದರಿಂದ ಬಂದಿದ್ದಳು. ಹೋದ ಸಲ ಒಬ್ಬಳೇ ಬಂದದ್ದಕ್ಕೆ ವಾಪಸ್ ಕಳಿಸಿದ್ದರು.

ಈ ಸಲ ಬೆಂಚಿನ ಮೇಲೆ ಒಬ್ಬಳೇ ಕುಳಿತಿದ್ದ ಹೆಂಗಸನ್ನು ಧೈರ್ಯಮಾಡಿ ಕೇಳಿಯೇಬಿಟ್ಟಳು.

"ಅಕ್ಕಾರ, ನೀವು ನನ್ನ ಜೋಡಿ ಬಂದೀರಿ ಅಂತ ಹೇಳ್ಲೇನ್ರಿ?"

"ಹೇಳ್ರಿ. ನೀವು ನನ್ನ ಜೋಡಿ ಬಂದೀರಿ ಅಂತ ನಾನೂ ಹೇಳ್ತೇನಿ. ನನಗೂ ಯಾರಿಲ್ಲ," ಎಂದಳು ಆಕೆ. ಮೋಟೆಬೆನ್ನೂರಿನ ಬಿಬಿಜಾನ್.

ನರ್ಸ್ ಕೇಳಿದಾಗ ಒಬ್ಬರು ಇನ್ನೊಬ್ಬರನ್ನು ತೋರಿಸಿದರು. ಇಬ್ಬರ ಕಣ್ಣಿಗೂ ಹನಿ ಬಿತ್ತು.

"ಕಡಿಮಿ ಪವರಿನ ಹನಿ ಐತ್ರಿ. ಹಿಂದಿನ ಪರದಾಕ್ಕ ಏನೂ ಆಗಂಗಿಲ್ಲ. ಸಂಜೀತನಾ ಮಬ್ಬ ಕಾಣತೈತಿ, ಬಿಸಲು ಚುಚ್ಚತೈತಿ, ಅಷ್ಟ," ಎಂದಳು ನರ್ಸ್.

ಡಾಕ್ಟರು ಒಬ್ಬೊಬ್ಬರನ್ನೇ ಒಳಗೆ ಕರೆದು ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಸೋಮವ್ವನಿಗೆ, "ನಿನ್ನ ಪರದಾ ಸ್ವಚ್ಛ ಐತೆವಾ. ಇನ್ನ ಒಂದ ವರ್ಷ ಬರೂದ ಬ್ಯಾಡ," ಎಂದರು. ಅವಳಿಗೆ ಹೋದ ಜೀವ ಬಂದಂತಾಯಿತು.

ಹೊರಗೆ ಬಂದರೆ ಬಿಸಿಲು ಕಣ್ಣಿಗೆ ಖಾರ ಎರಚಿದಂತಿತ್ತು. ತಾವು ಮಾಡಿದ ಜಾಣತನ ಎಂಥದ್ದೆಂದು ಆಗ ಹೊಳೆಯಿತು. ಇಬ್ಬರೂ ಸೆರಗು ಮುಂದಕ್ಕೆಳೆದುಕೊಂಡು, ಕೈ ಕೈ ಹಿಡಿದು, ಸಿಕ್ಕಿದ ಬಸ್ಸು ಹತ್ತಿದರು.

"ಏ ಯವ್ವಾ, ಇದು ಹಲಗೇರಿ ಬಸ್ಸು. ಇಬ್ಬರಿಗೂ ಕಣ್ಣ ಕಾಣಂಗಿಲ್ಲೇನು?" ಎಂದು ಕಂಡಕ್ಟರ್ ರೇಗಿದ.

"ಇಲ್ಲೋ ಯಪ್ಪಾ, ಇಬ್ಬರಿಗೂ ಕಾಣಂಗಿಲ್ಲ!" ಎಂದಳು ಬಿಬಿಜಾನ್. ಕೆಳಗಿಳಿದು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ, ಸೋಮವ್ವನಿಗೆ ನೆನಪೇ ಇರಲಿಲ್ಲ.

ಕೇಳಿ ಕೇಳಿ ಹತ್ತಿದ ಬ್ಯಾಡಗಿ ಬಸ್ಸಿನಲ್ಲೂ ಬಿಬಿಜಾನ್ ಸೋಮವ್ವನ ಕೈ ಬಿಡಲಿಲ್ಲ. ಯಾರಾದರೂ ಕೈ ಹಿಡಿದು ಕೂತರೆ ಇಷ್ಟು ಹಿತವೆನ್ನುವುದೇ ಅವಳಿಗೆ ಮರೆತುಹೋಗಿತ್ತು. ಕಣ್ಣಿನ ಮಬ್ಬು ನಿಧಾನಕ್ಕೆ ಸರಿಯತೊಡಗಿದಾಗ ಅವಳಿಗೆ ಬೇಜಾರಾಯಿತು. ಮನೆಗೆ ಹೋಗಿ ಬೀಗ ತೆಗೆಯುವುದು ನೆನಪಾಗಿ ಇನ್ನೂ ಬೇಜಾರಾಯಿತು.

ಮೋಟೆಬೆನ್ನೂರು ಬಂತು. ಬಿಬಿಜಾನ್ ಎದ್ದು ನಿಂತಳು.

"ನನ್ನ ಪರದಾದಾಗ ರಕ್ತದ ಚುಕ್ಕಿ ಅದಾವಂತ. ಅಮಾಸಿ ಆದ ಮ್ಯಾಲಿನ ಸೋಮವಾರ ಮತ್ತ ಬಾ ಅಂದಾರ. ನಿನಗೇನಂದ್ರು?"

"ನನಗೂ ಅವತ್ತ ಬಾ ಅಂದಾರ," ಎಂದಳು ಸೋಮವ್ವ.