ಪುಸ್ತಾ ಎಂದರೆ ಬರಿದು ಎಂದ ಮೇಷ್ಟ್ರು

ನಮ್ಮೂರಿನ ದೆಮೆತೆರ್ ಮೇಷ್ಟ್ರಿಗೆ ಒಂದು ಚಟ. ಯಾವ ಪದ ಕಿವಿಗೆ ಬಿದ್ದರೂ ಅದರ ಕುಲಗೋತ್ರ ವಿಚಾರಿಸದೆ ಬಿಡುವವರಲ್ಲ. ಮೇಷ್ಟ್ರ ಮಗಳು ಪಿರೋಷ್ಕಾಳನ್ನು ಹೆಣ್ಣು ಕೇಳಲು ನನ್ನ ಅಣ್ಣನ ಮಗ ಅಂಬ್ರುಶ್ ಹೋದ ಸಂಜೆಯೂ ಅವರು ಹುಡುಗನನ್ನು ಬಿಟ್ಟು ಪದವನ್ನೇ ಹಿಡಿದುಕೊಂಡರು. ಹುಡುಗನಿಗೆ ತಾಯಿಯಿಲ್ಲವೆಂದು ಸೋದರತ್ತೆಯಾದ ನಾನೂ ಜೊತೆಗೆ ಹೋಗಿದ್ದೆ.

ಅಂಬ್ರುಶ್ ಪುಸ್ತಾದಲ್ಲಿ, ಊರಾಚೆಯ ಆ ಕೊನೆಯಿಲ್ಲದ ಹುಲ್ಲುಬಯಲಿನಲ್ಲಿ, ದನ ಕಾಯುವವನು. ವಸಂತದಲ್ಲಿ ಹೋದರೆ ಹಿಮ ಬೀಳುವ ತನಕ ಅಲ್ಲೇ ಗುಡಿಸಲು, ಅಲ್ಲೇ ಊಟ. ಕಟ್ಟಿಕೊಂಡವಳಿಗೂ ಅದೇ ಗತಿ.

"ಪುಸ್ತಾ ಅಂದ್ರೇನು ಗೊತ್ತೇನೋ?" ಎಂದರು ಮೇಷ್ಟ್ರು, ಪ್ಲಮ್ ಸಾರಾಯಿ ಬಗ್ಗಿಸುತ್ತಾ. "ನಮ್ಮ ಮಾತೇ ಅಲ್ಲ ಅದು. ಸ್ಲಾವ್ ಜನರ ಹತ್ರ ತಗೊಂಡಿದ್ದು. ಬರಿದು, ಪಾಳು ಅಂತ ಅರ್ಥ. ಅದಕ್ಕೇ ನಾಶ ಮಾಡೋದಕ್ಕೂ ನಾವು ಅದರಿಂದಲೇ ಮಾತು ಕಟ್ಟಿದ್ದೀವಿ. ಇರೋ ಒಬ್ಬಳೇ ಮಗಳನ್ನ ಪಾಳಿಗೆ ತಳ್ಳಲೇನು?"

"ಬರಿಗೈ ಅನ್ನೋಕೂ ಪುಸ್ತಾ ಅನ್ನೋ ಮಾತೇ ತಾನೇ ಮೇಷ್ಟ್ರೇ?" ಎಂದ ನಮ್ಮ ಹುಡುಗ. "ಬರಿಗೈ ಅಂದ್ರೆ ಕೈಯೇ ಇಲ್ಲ ಅಂತಲ್ಲವಲ್ಲ."

ಬಾಗಿಲ ಹಿಂದೆ ಪಿರೋಷ್ಕಾ ಕಿಸಕ್ಕೆಂದಳು. ಮೇಷ್ಟ್ರ ಮೂಗು ಕೆಂಪಾಯಿತು. "ಬೈಬಲ್ಲಿನಲ್ಲಿ ಪುಸ್ತಾದ ಒಳಗೆ ಕೂಗುವವನು ಅಂತಿದೆ. ಕೂಗಿದ್ರೂ ಕೇಳೋರಿಲ್ಲ ಅಲ್ಲಿ!"

"ಅದು ಪಾದ್ರಿಗಳ ಮಾತು. ದನ ಕಾಯೋರು ಒಳಗೆ ಅನ್ನಲ್ಲ, ಪುಸ್ತಾದ ಮೇಲೆ ಅಂತೀವಿ. ನಮ್ಮ ಮನೆ ಅಂಗಳದ ಮೇಲೆ ಇದ್ದೀವಿ ಅಂದ ಹಾಗೆ."

"ಸಾಕು ಬಾಯಿ ಮುಚ್ಚೋ, ಪಾಠ ಹೇಳೋರು ಅವರು," ಎಂದು ನಾನು ಅವನ ತೊಡೆ ಚಿವುಟಿದೆ. ಒಳಗೊಳಗೇ ಹಿಗ್ಗಿದ್ದೆ, ಸುಳ್ಳೇಕೆ?

ಹೊರಡುವಾಗ ಅಂಬ್ರುಶ್ ಸೂರ್ ಎಂಬ ತನ್ನ ಕಸೂತಿ ತುಂಬಿದ ಭಾರಿ ಉಣ್ಣೆಯ ಮೇಲಂಗಿಯನ್ನು ಮರೆತವನಂತೆ ಬೆಂಚಿನ ಮೇಲೆ ಬಿಟ್ಟ. ಹೆಣ್ಣು ಕೇಳಲು ಬಂದವನು ಹಾಗೇ ಬಿಡಬೇಕು. ಬೆಳಿಗ್ಗೆ ಅದು ಮನೆಯೊಳಗೇ ಇದ್ದರೆ ಒಪ್ಪಿಗೆ. ಜಗಲಿಯ ಮೊಳೆಯಲ್ಲಿ ತೂಗುತ್ತಿದ್ದರೆ, ತುಟಿ ಬಿಚ್ಚದೆ ಎತ್ತಿಕೊಂಡು ಹೋಗಬೇಕು.

ಬೆಳಿಗ್ಗೆ ಸೂರ್ ಜಗಲಿಯಲ್ಲಿತ್ತು. ಬಾವಿಗೆ ಹೋದ ಹೆಂಗಸರೆಲ್ಲ ನೋಡಿದರು. ಸುದ್ದಿ ಮನೆಗೆ ಬಂದಿದ್ದೇ ಅಂಬ್ರುಶ್ ಗೋಡೆಗೆ ಮುಖ ಮಾಡಿ ಕೂತ. "ಅತ್ತೆ, ನನ್ನ ಕೈಲಾಗಲ್ಲ, ನೀನೇ ತಂದುಬಿಡು," ಎಂದ. ತುಟಿ ಬಿಚ್ಚಬಾರದೆಂಬ ನಿಯಮ ಹಾಳಾಗಲಿ, ಮೇಷ್ಟ್ರಿಗೆ ಮುಖಕ್ಕೆ ಹೊಡೆದ ಹಾಗೆ ನಾಲ್ಕು ಮಾತು ಹೇಳಿಯೇ ಬರುತ್ತೇನೆಂದು ದಾಪುಗಾಲು ಹಾಕಿದೆ.

ಹೋಗಿ ನೋಡಿದರೆ ಮೊಳೆಯಲ್ಲಿ ಸೂರ್ ಇಲ್ಲ. ಕದ್ದರೋ ಎಂದು ತಿರುಗುವಷ್ಟರಲ್ಲಿ ಅದೇ ಸೂರ್ ಬೇಲಿ ದಾಟಿ ಬೀದಿಯಲ್ಲಿ ನಡೆದು ಹೋಗುತ್ತಿತ್ತು. ಅದರೊಳಗೆ ಪಿರೋಷ್ಕಾ! ಎತ್ತಿನಂಥ ನಮ್ಮ ಹುಡುಗನ ಅಂಗಿ ಆ ಪುಟ್ಟ ಹುಡುಗಿಗೆ ಹೊಂದೀತೆ? ಅಂಚೆಲ್ಲ ಧೂಳು ಗುಡಿಸುತ್ತಿತ್ತು.

"ಏ ಹುಡುಗಿ! ಅದನ್ನ ಮೊಳೆಗೆ ಹಾಕು!" ಮೇಷ್ಟ್ರು ಒಂದೇ ಚಪ್ಪಲಿಯಲ್ಲಿ ಓಡಿ ಬಂದರು.

"ನೀವೇ ಹೊರಗೆ ಹಾಕಿದ್ರಲ್ಲಪ್ಪ. ಹೊರಗೆ ಹಾಕಿದ್ದನ್ನ ವಾಪಸ್ ಒಳಗೆ ತರೋ ಹಾಗಿಲ್ಲ."

"ಅದು ಸೂರಿಗೆ ಹೇಳಿದ ನಿಯಮ!"

"ಈಗ ಅದರ ಜೊತೆ ನಾನೂ ಇದ್ದೀನಿ. ನಂಗೆ ಅವನೇ ಬೇಕು ಅಪ್ಪ."

ಬಾವಿಕಟ್ಟೆಯ ಹೆಂಗಸರು ಕೊಡಗಳನ್ನೇ ಮರೆತು ನಿಂತರು. ನಾನು ಹೇಳಬೇಕೆಂದು ತಂದ ನಾಲ್ಕು ಮಾತಿಗೆ ಕೆಲಸವೇ ಇರಲಿಲ್ಲ. ಹುಡುಗಿ ಹಿಂದಿರುಗಿ ನೋಡದೆ ನಮ್ಮ ಮನೆಯ ಕಡೆ ಹೆಜ್ಜೆ ಹಾಕಿದಳು. ಅಂಚು ತೊಡರಿ ಮುಗ್ಗರಿಸಿದಳು.

ಮೇಷ್ಟ್ರು ಓಡಿ ಹೋಗಿ ಹಿಡಿದರು. ಈಗ ಎಳೆದುಕೊಂಡು ಬರುತ್ತಾರೆ ಎಂದುಕೊಂಡೆ. ಅವರು ಬಗ್ಗಿ ಸೂರಿನ ಅಂಚನ್ನು ಎರಡೂ ಕೈಯಿಂದ ಎತ್ತಿ ಹಿಡಿದರು.

"ಒಳ್ಳೇ ಕಸೂತಿ, ಕೊಳೆಯಾಗುತ್ತೆ," ಎಂದು ಗೊಣಗಿದರು. ಕಣ್ಣು ತುಂಬಿತ್ತು. "ನಡಿ, ನಡಿ. ಮೆಲ್ಲಗೆ ನಡಿ."