ಬಿಗಿನ್ ಹಿಲ್‌ನ ನಾಗಪ್ಪ

ಹುಟ್ಟಿದಾಗಿನಿಂದ ಒಂದು ಮೊಟ್ಟೆಯನ್ನೂ ಒಡೆಯದ ಡಾಕ್ಟರ್ ಶಿವಪ್ರಕಾಶ, ತಾನು ದಾಂಡೇಲಿ ಕಾಡಿನಲ್ಲಿ ಹಂದಿ ಹೊಡೆದವನೆಂದು ಹೇಳಿಕೊಂಡದ್ದು ವಿಲಾಯತಿಯ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ. ಹೊಲಿಗೆ ಹಾಕುತ್ತ ಮಿಸ್ಟರ್ ಹಾರ್ವುಡ್ ತಮ್ಮ ಬೇಟೆಯ ಕತೆ ಹೇಳುತ್ತಿದ್ದರು. ದೊಡ್ಡ ಸರ್ಜನ್ನು, ಇವನ ಬಾಸು. ಸುಮ್ಮನೆ ಹೂಂಗುಟ್ಟಿದ್ದರೆ ಸಾಕಿತ್ತು. ಆದರೆ ಇವನ ನಾಲಿಗೆಗೆ ಎಲುಬಿಲ್ಲವಲ್ಲ, ಹಂದಿ ಹೊಡೆದೇಬಿಟ್ಟಿತು. ಆರು ತಿಂಗಳ ಮೇಲೆ, ತೊಂಬತ್ತಾರರ ಏಪ್ರಿಲ್‌ನಲ್ಲಿ, ಅದಕ್ಕೆ ಫಲ ಸಿಕ್ಕಿತು: ಶನಿವಾರ ನನ್ನ ಕಾಡಿಗೆ ಬಾ, ಟರ್ಕಿ ಕೋಳಿ ಹೊಡೆಯೋಣ ಎಂಬ ಕರೆ.

ಒಲ್ಲೆ ಎನ್ನುವ ಹಾಗಿರಲಿಲ್ಲ. ಜೂನ್‌ಗೆ ಅವನ ವೀಸಾ ಮುಗಿಯುತ್ತಿತ್ತು. ಇನ್ನೊಂದು ಆಸ್ಪತ್ರೆಯಲ್ಲಿ ಒಳ್ಳೆಯ ಕೆಲಸವೊಂದು ಖಾಲಿಯಿತ್ತು, ಸಿಕ್ಕರೆ ವೀಸಾವೂ ಮುಂದುವರಿಯುತ್ತಿತ್ತು. ಅದಕ್ಕೆ ಹಾರ್ವುಡ್‌ರ ಶಿಫಾರಸು ಪತ್ರ ಬೇಟೆಯ ಮುಂದಿನ ಶುಕ್ರವಾರದೊಳಗೆ ಹೋಗಬೇಕಿತ್ತು. ಪತ್ರ ಜೇಬಿನಲ್ಲೇ ಇದ್ದಂತೆ ಎಂದು ಅವನು ಹೆಂಡತಿ ವಿಜಯಾಗೆ ಹೇಳಿಯೂ ಆಗಿತ್ತು. ಆಕೆ ಆ ಧೈರ್ಯದ ಮೇಲೆ ಮಗಳು ಧೃತಿಗೆ ಸೆಪ್ಟೆಂಬರಿಗೆ ಸೇರಬೇಕಿದ್ದ ಸಟನ್ನಿನ ಗ್ರಾಮರ್ ಸ್ಕೂಲಿನ ಯೂನಿಫಾರ್ಮ್ ತಂದು ಕುರ್ಚಿಯ ಬೆನ್ನಿಗೆ ತೂಗುಹಾಕಿದ್ದಳು.

ಹೊರಡುವಾಗ ವಿಜಯಾ ಬಾಗಿಲ ತನಕ ಬಂದಳು.

"ಅಲ್ಲಿ ಹಾವ್‌ಗೀವ್ ಇರ್ತಾವೇನ್ರೀ?"

"ಈ ಥಂಡಿ ದೇಶದಾಗ ಎಲ್ಲೀ ಹಾವು ಮಾರಾಯ್ತಿ?"

"ಇದ್ರೂ ಇರಬಹುದು. ಕಂಡ್ರ ಕೈ ಮುಗೀರಿ. ಅತ್ತಿಯವರು ಹೇಳಿದ್ದು ನೆನಪೈತಿಲ್ಲೋ?"

ಮರೆಯುವುದುಂಟೇ? ಅವನ ತಾಯಿ ಚನ್ನಬಸವ್ವನ ನ್ಯಾಯಾಲಯವೇ ಅದು. ಧಾರವಾಡದ ಮನೆಯಲ್ಲಿ ಪಂಚಮಿಯ ಹಿಂದಿನ ದಿನ ಡಬ್ಬಿಯಲ್ಲಿನ ಶೇಂಗಾ ಉಂಡಿ ಕಡಿಮೆಯಾದರೆ, ಆಕೆ ಮಕ್ಕಳನ್ನೆಲ್ಲ ಬೇವಿನ ಕಟ್ಟೆಯ ನಾಗಪ್ಪನ ಕಲ್ಲಿನ ಮುಂದೆ ಸಾಲಾಗಿ ನಿಲ್ಲಿಸುತ್ತಿದ್ದಳು. ಕೈ ಮುಗಿಸಿ, "ಈಗ ಹೇಳ್ರಿ, ಯಾರು ತಿಂದವ್ರು?" ಎನ್ನುತ್ತಿದ್ದಳು. ನಾಗಪ್ಪನ ಮುಂದೆ ಕೈ ಮುಗಿದವನ ಬಾಯಲ್ಲಿ ಸುಳ್ಳು ಬರಬಾರದು. ಪ್ರತಿ ವರ್ಷ ಕಳ್ಳ ಸಿಕ್ಕಿಬೀಳುತ್ತಿದ್ದ, ಮತ್ತು ಪ್ರತಿ ವರ್ಷ ಅವನ ಹೆಸರು ಶಿವಪ್ರಕಾಶ.

ಬಿಗಿನ್ ಹಿಲ್ ಎಂಬ ಊರು ದಾಟಿದ ಮೇಲೆ ಹಾರ್ವುಡ್‌ರ ಕಾಡು. ದಾರಿಯುದ್ದಕ್ಕೂ ಅವರು ವಿಷಯ ವಿವರಿಸಿದರು. ಕ್ರಿಸ್‌ಮಸ್‌ಗೆಂದು ಪಕ್ಕದ ರೈತ ಸಾಕಿದ್ದ ಗಂಡು ಟರ್ಕಿಯೊಂದು ತಪ್ಪಿಸಿಕೊಂಡು ಕಾಡು ಸೇರಿದೆ, ದಾರಿಹೋಕರ ಮೇಲೆ ಏರಿಹೋಗುತ್ತಿದೆ, ಹೊಡೆದುಬಿಡಿ ಎಂದು ರೈತನೇ ಕೇಳಿಕೊಂಡಿದ್ದಾನೆ. ಹಾರ್ವುಡ್ ಹಿಂದೆ ಅಮೆರಿಕದಲ್ಲಿ ಒಂದು ವರ್ಷ ಇದ್ದವರು, ವಸಂತಕಾಲದ ಟರ್ಕಿ ಬೇಟೆ ಕಲಿತವರು. ಅಂಗೈಯಗಲದ ಮರದ ಪೆಟ್ಟಿಗೆಯ ಮುಚ್ಚಳ ಉಜ್ಜಿದರೆ ಹೆಣ್ಣು ಕೋಳಿಯ ದನಿ ಹೊರಡುತ್ತದೆ. ಗಂಡು ಹುಡುಕಿಕೊಂಡು ಬರುತ್ತದೆ.

"ಅಲ್ಲಿಯ ತನಕ ಕಲ್ಲಿನ ಹಾಗೆ ಕೂತಿರಬೇಕು. ಮೊದಲ ಗುಂಡು ನಿನ್ನದು. ನೀನು ಹಂದಿ ಹೊಡೆದವನು!"

ಅವರು ಬಂದೂಕನ್ನೂ ಎರಡು ತೋಟಾಗಳನ್ನೂ ಕೊಟ್ಟು ಬೆನ್ನು ತಿರುಗಿಸಿದರು. ಕೋಳಿಗೆ ಗುರಿಯಿಟ್ಟು ಬಾಸಿನ ಮಂಡಿಚಿಪ್ಪೇ ಹಾರಿಹೋದರೆ ಗತಿಯೇನು? ಶಿವಪ್ರಕಾಶ ಮೆಲ್ಲನೆ ತೋಟಾಗಳನ್ನು ಜೇಬಿಗಿಳಿಸಿ ಖಾಲಿ ಬಂದೂಕು ಮುಚ್ಚಿಕೊಂಡ.

ಬೆಳಗಿನ ಆರೂವರೆಯಿಂದ ಕೂತರು. ಅವನು ಒಂದು ಮರಕ್ಕೆ ಒರಗಿ, ಅವರು ಹತ್ತು ಹೆಜ್ಜೆ ಆಚೆ ಇನ್ನೊಂದಕ್ಕೆ. ಏಳಾಯಿತು, ಎಂಟಾಯಿತು. ಕಾಲಿಗೆ ಜೋಮು ಹಿಡಿಯಿತು, ಬೆನ್ನಿನಲ್ಲಿ ತುರಿಕೆ ಎದ್ದಿತು, ತುರಿಸಿಕೊಳ್ಳುವಂತಿಲ್ಲ. ಅದಕ್ಕಿಂತ ಹೆಚ್ಚಾಗಿ ಕಡಿಯುತ್ತಿದ್ದದ್ದು ಇನ್ನೊಂದು. ಆ ಹೊಸ ಕೆಲಸಕ್ಕೆ, ಹೊಟ್ಟೆಗೆ ಸಣ್ಣ ತೂತು ಕೊರೆದು ಒಳಗೆ ಕ್ಯಾಮೆರಾ ಇಳಿಸಿ ಮಾಡುವ ಪಿತ್ತಕೋಶದ ಕೀಹೋಲ್ ಆಪರೇಷನ್ ಮೂವತ್ತನ್ನಾದರೂ ಸ್ವಂತವಾಗಿ ಮಾಡಿರಬೇಕು. ಅವನ ದಾಖಲೆ ಪುಸ್ತಕದಲ್ಲಿ ಮೂವತ್ತೇ ಇದ್ದವು. ಅವುಗಳಲ್ಲಿ ಎಂಟು ಹಿಂದಿನ ಆಸ್ಪತ್ರೆಯವು, ಬೇರೆಯವರು ಮಾಡಿದ್ದು, ಇವನು ಪಕ್ಕದಲ್ಲಿ ಕ್ಯಾಮೆರಾ ಹಿಡಿದು ನಿಂತದ್ದು. ಎಲ್ಲರೂ ಹೀಗೇ ಬರೆಯುತ್ತಾರೆ ಎಂದು ಮನಸ್ಸಿಗೆ ಎಷ್ಟು ಹೇಳಿದರೂ ಅದು ಕೇಳುತ್ತಿರಲಿಲ್ಲ.

ಒಂಬತ್ತರ ಹೊತ್ತಿಗೆ ಬಿಸಿಲು ನೆಲ ಮುಟ್ಟಿತು. ಪೆಟ್ಟಿಗೆ ಕಿರುಗುಟ್ಟಿತು. ಪೊದೆಯಾಚೆಯಿಂದ ಗುಳುಗುಳು ಉತ್ತರ ಬಂತು. ಅದರ ಹಿಂದೆಯೇ ಬಾಲ ಬಿಚ್ಚಿ, ರೆಕ್ಕೆ ನೆಲಕ್ಕೆಳೆಯುತ್ತ, ಮದುಮಗನ ಗತ್ತಿನಲ್ಲಿ ಟರ್ಕಿ ಹೊರಬಂತು. ಹಾರ್ವುಡ್ ಕಣ್ಸನ್ನೆ ಮಾಡಿದರು: ಹೊಡೆ.

ಖಾಲಿ ಬಂದೂಕೆತ್ತಿ ಏನು ಹೊಡೆಯುವುದು? ಬೆವರುತ್ತ ಕಣ್ಣು ಕೆಳಗಿಳಿಸಿದ. ಎರಡು ಬೂಟುಗಳಾಚೆ, ಮೊಳದಷ್ಟು ದೂರದಲ್ಲಿ, ಒಣ ಎಲೆಗಳು ಸರಿದವು. ಬೂದು ಮೈ, ಬೆನ್ನುದ್ದಕ್ಕೂ ಕಪ್ಪು ಅಂಕುಡೊಂಕು ಪಟ್ಟೆ. ಬಿಸಿಲು ಕಾಯಲು ಬಂದ ಹಾವು ಅಲ್ಲೇ ಸುರುಳಿ ಸುತ್ತಿಕೊಂಡಿತು.

ಯೋಚಿಸಲು ಅವನಿಗೆ ಪುರುಸೊತ್ತೇ ಆಗಲಿಲ್ಲ. ಎರಡೂ ಕೈ ತಾವಾಗಿ ಎದ್ದು ಎದೆಯ ಮುಂದೆ ಜೋಡಿಸಿಕೊಂಡವು. ಬಂದೂಕು ಮಂಡಿಯಿಂದ ಜಾರಿ ದಢಾರನೆ ಕಲ್ಲಿಗೆ ಬಡಿಯಿತು. ಟರ್ಕಿ ಬೊಬ್ಬೆ ಹೊಡೆಯುತ್ತ ಪೊದೆ ಸೇರಿತು. ಹಾವು ಮಾತ್ರ ಕದಲಲಿಲ್ಲ, ತಲೆಯೆತ್ತಿ ನೋಡಿತು.

"ಅಲ್ಲಾಡಬೇಡ, ಅದು ಆಡರ್, ವಿಷದ ಹಾವು," ಎನ್ನುತ್ತ ಹಾರ್ವುಡ್ ಹಿಂದಿನಿಂದ ಬಂದರು. ಬಾಗಿ ಬಂದೂಕು ಎಳೆದುಕೊಂಡು ಬಿಚ್ಚಿ ನೋಡಿದರು. ಒಳಗೆ ಏನೂ ಇರಲಿಲ್ಲ.

"ನೀನು ಯಾವತ್ತೂ ಬಂದೂಕು ಮುಟ್ಟಿದವನಲ್ಲ."

"ಇಲ್ಲ, ಸರ್."

"ಹಂದಿ?"

"ಸುಳ್ಳು, ಸರ್."

"ಇನ್ನೇನಾದರೂ ಇದೆಯೇ? ಮುಂದಿನ ವಾರ ನಿನ್ನ ಬಗ್ಗೆ ಬರೆದ ಕಾಗದಕ್ಕೆ ನನ್ನ ಹೆಸರು ಹಾಕುವವನು ನಾನು. ನನಗೆ ಹೇಳಿದ್ದರಲ್ಲಿ ಇನ್ನೇನು ಸುಳ್ಳು?"

ಏನೂ ಇಲ್ಲ ಎನ್ನಬೇಕು. ಎರಡೇ ಶಬ್ದ. ಆದರೆ ಹಾವು ಹೋಗಿರಲಿಲ್ಲ, ಕೈಗಳು ಬಿಟ್ಟಿರಲಿಲ್ಲ. ನಲವತ್ತರ ಹತ್ತಿರ ಬಂದ ಸರ್ಜನ್ನು ಉಂಡಿ ಕದ್ದ ಹುಡುಗನಾಗಿ ಕೂತಿದ್ದ. ಹೋಗಪ್ಪಾ, ಒಂದು ಸಲ ಹೋಗು ಎಂದು ಮನಸ್ಸಿನಲ್ಲೇ ಬೇಡಿಕೊಂಡ. ನಾಗಪ್ಪ ನಾಲಿಗೆ ಚಾಚಿ ಎಳೆದುಕೊಂಡಿತು, ಅಷ್ಟೇ.

"ಮೂವತ್ತಲ್ಲ, ಸರ್," ಎಂದ. "ಇಪ್ಪತ್ತೆರಡು. ಉಳಿದ ಎಂಟರಲ್ಲಿ ಕ್ಯಾಮೆರಾ ಹಿಡಿದಿದ್ದೆ."

ಹಾವು ನಿಧಾನವಾಗಿ ಸುರುಳಿ ಬಿಚ್ಚಿ ಎಲೆಗಳಡಿ ಸರಿದುಹೋಯಿತು. ಒಂದು ನಿಮಿಷ ಮೊದಲೇ ಹೋಗಿದ್ದರೆ ಏನಾಗುತ್ತಿತ್ತು ಎಂದು ಶಿವಪ್ರಕಾಶನಿಗೆ ಅಳು ಬರುವಷ್ಟು ಸಿಟ್ಟು ಬಂತು. ಕೈ ಬಿಟ್ಟ.

ಕಾರಿನ ಬಳಿ ಬಂದಾಗ ಹಾರ್ವುಡ್ ಬಾಯಿ ತೆರೆದರು. "ಆ ಎಂಟನ್ನು ದಾಖಲೆ ಪುಸ್ತಕದಿಂದ ನನ್ನ ಮುಂದೆಯೇ ಹೊಡೆದುಹಾಕಬೇಕು. ಸೋಮವಾರದ ಲಿಸ್ಟಿನಲ್ಲಿ ಎರಡಿವೆ, ಎರಡನ್ನೂ ನೀನೇ ಮಾಡು. ನಾನು ಕ್ಯಾಮೆರಾ ಹಿಡಿಯುತ್ತೇನೆ."

"ಪತ್ರ, ಸರ್?"

"ಇಪ್ಪತ್ತನಾಲ್ಕು ಎಂದು ಬರೆಯುತ್ತೇನೆ. ಅವರು ಏನೆನ್ನುತ್ತಾರೋ ನನಗೆ ಗೊತ್ತಿಲ್ಲ."

ಮನೆ ಮುಟ್ಟಿದಾಗ ಧೃತಿ ಮೆಟ್ಟಿಲ ಮೇಲಿಂದಲೇ ಕೂಗಿದಳು, "ಡಿಡ್ ಯು ಗೆಟ್ ಇಟ್, ಡ್ಯಾಡಿ?" ಅವಳ ಯೂನಿಫಾರ್ಮ್ ಕುರ್ಚಿಯ ಮೇಲೆ ಹಾಗೇ ಇತ್ತು, ಬೆಲೆಯ ಚೀಟಿ ಸಹ ಕಿತ್ತಿರಲಿಲ್ಲ.

ವಿಜಯಾ ಚಹಾ ತಂದು ಕೈಗಿತ್ತಳು. "ಯಾಕ್ರೀ ಮುಖ ಹಿಂಗ? ಪತ್ರ ಬರೀತಾರಂತಿಲ್ಲೋ?"

ಬರೀತಾರ ಎಂದುಬಿಟ್ಟರೆ ಅದೂ ನಿಜವೇ ಆಗುತ್ತಿತ್ತು. ಶಿವಪ್ರಕಾಶ ಒಂದು ಗುಟುಕು ಕುಡಿದ. ಆಮೇಲೆ ಕಪ್ಪನ್ನು ಟೇಬಲ್ಲಿನ ಮೇಲೆ ಇಟ್ಟ, ಎರಡೂ ಕೈ ಖಾಲಿ ಮಾಡಿಕೊಂಡ.

"ಕುಂದ್ರು," ಎಂದ. "ಹೇಳ್ತೀನಿ."