ಮಧ್ಯದ ತುಂಡಿನ ಬಾಣ

ಸ್ವಾಲ್ಬಾರ್ಡ್ ದ್ವೀಪಗಳ ಉತ್ತರಕ್ಕೆ, ಒಂಬೈನೂರು ಮೀಟರ್ ಆಳದಲ್ಲಿರುವ ಸಮುದ್ರತಳದ ಒಂದು ದಿಬ್ಬದಿಂದ ನಾವು ಶನಿವಾರ ಬೆಳಿಗ್ಗೆ ಮೂರು ಮೀಟರ್ ಕೆಸರನ್ನು ಕೊಳವೆಯಲ್ಲಿ ಮೇಲೆತ್ತಿದೆವು. ಹಡಗಿನ ಎಡಗಡೆ ಮಂಜುಗಡ್ಡೆ ಒತ್ತುತ್ತಿದ್ದುದರಿಂದ ಅಂದು ಬಲಗಡೆಯಿಂದ ಎತ್ತಬೇಕಾಯಿತು. ಡೆಕ್ಕಿನ ಮೇಲೆ ಮಲಗಿಸಿದಾಗ ಕೊಳವೆಯ ಮೇಲ್ತುದಿ ಎಂದಿನಂತೆ ಹಡಗಿನ ಮೂತಿಯ ಕಡೆಗಲ್ಲ, ಹಿಂಬದಿಗೆ ಬಂತು. ಕೊಳವೆಯನ್ನು ಮೂರು ತುಂಡು ಮಾಡಿ, ಪ್ರತಿ ತುಂಡಿನ ಮೇಲೂ ಮೇಲ್ತುದಿಯತ್ತ ಬಾಣ ಬರೆಯುವುದು ಪದ್ಧತಿ. ಕೆಳಗಿನ ತುಂಡಿಗೆ ಗುನ್ವೋರ್ ಬಾಣ ಬರೆಯುವಷ್ಟರಲ್ಲಿ ಶನಿವಾರದ ಅಕ್ಕಿ ಗಂಜಿಗೆ ಗಂಟೆ ಹೊಡೆಯಿತು.

"ನೀನು ಹೋಗಮ್ಮ, ಗಂಜಿಗೆ ಉದುರಿಸೋ ದಾಲ್ಚಿನ್ನಿ ಖಾಲಿ ಆಗೋ ಮುಂಚೆ. ಉಳಿದದ್ದು ನಾನು ನೋಡ್ಕೋತೀನಿ," ಎಂದ ಡೆಕ್ಕಿನ ಕೆಲಸದ ತೊರ್ಲೈಫ್.

ಗುನ್ವೋರ್ ನನ್ನ ವಿದ್ಯಾರ್ಥಿನಿ. ಹಿಂದೊಮ್ಮೆ ಈ ಸಮುದ್ರದ ಮೇಲೆ ತೇಲುತ್ತಿದ್ದ ಕಿಲೋಮೀಟರ್ ದಪ್ಪದ ಹಿಮಹಾಸು ಈ ದಿಬ್ಬವನ್ನು ಒಂದೇ ಸಲ ಉಜ್ಜಿ ಹೋಯಿತು ಎಂಬುದು ಅವಳ ನಾಲ್ಕು ವರ್ಷದ ವಾದ. ಅದು ನಿಜವಾದರೆ ಕೆಳಗೆ ಹಿಮ ಉಜ್ಜಿದ ಬೂದು ಜೇಡಿ, ಮೇಲೆ ಆಮೇಲೆ ಕೂತ ಕಂದು ಕೆಸರು ಇರಬೇಕು. ಮಧ್ಯಾಹ್ನ ತುಂಡುಗಳನ್ನು ಉದ್ದಕ್ಕೆ ಸೀಳಿ ಜೋಡಿಸಿದರೆ ಕೆಳಗಿನಿಂದ ಬೂದು, ಕಂದು, ಮತ್ತೆ ಬೂದು, ಮತ್ತೆ ಕಂದು.

"ಎರಡು ಸಲ. ಮುಗೀತು, ಹಲ್ದಿಸ್. ನನ್ನ ಪ್ರಬಂಧ ನೀರುಪಾಲು," ಎಂದು ಗುನ್ವೋರ್ ನನ್ನತ್ತ ತಿರುಗಿದಳು.

ಮಧ್ಯದ ತುಂಡು ತಲೆಕೆಳಗಾಗಿದ್ದರೂ ಹೀಗೇ ಕಾಣುತ್ತದೆ ಅನ್ನಿಸಿ, ತೊರ್ಲೈಫ್‌ನನ್ನು ಕರೆದು ಕೇಳಿದೆ. "ಮಧ್ಯದ ತುಂಡಿಗೆ ಬಾಣ ಯಾವ ಕಡೆ ಬರೆದೆ?"

"ಮೂತಿ ಕಡೆ. ಇಪ್ಪತ್ತಾರು ವರ್ಷದಿಂದ ಅಲ್ಲಿಗೇ ಬರೆಯೋದು..." ಅವನ ಮುಖ ಸಣ್ಣದಾಯಿತು. "ಅಯ್ಯೋ. ಇವತ್ತು ಹಿಂದುಮುಂದು ಅಲ್ವಾ? ನೆನಪಿಟ್ಟು ಬರೆದೆನೋ, ಅಭ್ಯಾಸಬಲದಲ್ಲಿ ಬರೆದೆನೋ, ದೇವರಾಣೆ ಗೊತ್ತಿಲ್ಲ."

"ಮೇಲಿನ ತುಂಡು ಸರಿಯಾಗಿದೆಯಲ್ಲ!" ಎಂದೆ.

"ಅದರ ಮೇಲ್ತುದಿ ಸಮುದ್ರದ ನೀರಿಗೆ ತಾಗಿದ್ದು, ನೀರು ನೀರಾಗಿತ್ತು. ನಮ್ಮಜ್ಜೀನೂ ತಪ್ಪು ಮಾಡ್ತಿರಲಿಲ್ಲ."

ಗುನ್ವೋರ್ ಮಧ್ಯದ ತುಂಡನ್ನು ತಿರುಗಿಸಲು ಕೈ ಹಾಕಿದಳು. ನಾನು ತಡೆದೆ. "ನಿನಗೆ ಬೇಕಾದ ಉತ್ತರ ಬರುತ್ತೆ ಅಂತ ತಿರುಗಿಸೋ ಹಾಗಿಲ್ಲ. ಸಾಕ್ಷಿ ತೋರಿಸು."

ಅವಳು ಭೂತಗನ್ನಡಿ ಹಿಡಿದು ತುದಿಗಳನ್ನು ಒಂದೊಂದಾಗಿ ನೋಡಿದಳು. ಮಧ್ಯದ ತುಂಡಿನ ಬೂದು ತುದಿಯಲ್ಲಿ ಕಡಲೆಕಾಳಿನಷ್ಟು ಕಲ್ಲೊಂದು ಹೊರಚಾಚಿತ್ತು. ಕತ್ತರಿಸುವ ತಂತಿ ಅದನ್ನು ಸುತ್ತುಬಳಸಿ ಹೋಗಿತ್ತು. ಕೆಳಗಿನ ತುಂಡಿನ ಮೇಲ್ತುದಿಯಲ್ಲಿ ಒಂದು ಗುಳಿ.

"ತೊರ್ಲೈಫ್, ನೀನೇ ಸೇರಿಸು ಮಾರಾಯ. ನನ್ನ ಕೈಗೆ ಆಸೆ ಜಾಸ್ತಿ."

ಅವನು ತುಂಡನ್ನು ತಿರುಗಿಸಿ ಮೆಲ್ಲಗೆ ಸರಿಸಿದ. ಕಲ್ಲು ಗುಳಿಯೊಳಗೆ ಕೂತಿತು, ಕೂದಲೆಳೆಯ ಸಂದಿಯೂ ಇಲ್ಲದೆ. ಕೆಳಗೆ ಬೂದು, ಮೇಲೆ ಕಂದು. ಫೋಟೋ ತೆಗೆದೆವು, ಬಾಣ ತಪ್ಪಿದ್ದನ್ನೂ ಅದರ ಕಾರಣವನ್ನೂ ದಾಖಲೆಯಲ್ಲಿ ಬರೆದೆವು.

"ಹಂಗಾದ್ರೆ ಹಿಮ ಒಂದೇ ಸಲ ಬಂದಿದ್ದಾ?" ತೊರ್ಲೈಫ್ ಕೇಳಿದ.

ಗುನ್ವೋರ್ ನಗುತ್ತಿದ್ದಳು, ಆದರೂ ಯೋಚಿಸಿಯೇ ಹೇಳಿದಳು: "ಈ ದಿಬ್ಬದಲ್ಲಿ, ಈ ಮೂರು ಮೀಟರಲ್ಲಿ, ಒಂದೇ ಸಲ."

ಅದಕ್ಕಿಂತ ಒಂದು ಮಾತೂ ಹೆಚ್ಚು ಹೇಳಲಿಲ್ಲ. ಅವಳ ಪ್ರಬಂಧಕ್ಕೆ ಆಗಲೇ ಸಹಿ ಹಾಕಿಬಿಡೋಣ ಅನ್ನಿಸಿತು ನನಗೆ.